ಸ್ಕಿಡ್ ಸ್ಟಿಯರ್ ಲೋಡರಿನ ಆಗರನ್ನು ಟ್ರ್ಯಾಕ್ಟರಿಗೆ ಕಟ್ಟಿ ಬೇಲಿಕಂಬದ ಗುಂಡಿ ತೆಗೆಯಬಹುದೇ?

ಹಿರಿಯೂರು ದಾಳಿಂಬೆ:

ಬಲ್ಲವರೆಲ್ಲರಿಗೂ ನಮಸ್ಕಾರ. ಹಿರಿಯೂರು ತಾಲ್ಲೂಕಿನ ನಮ್ಮ 8 ಎಕರೆ ದಾಳಿಂಬೆ ತೋಟಕ್ಕೆ ಕಲ್ಲುಕಂಬ ನೆಟ್ಟು ಜಾಲರಿ ಬೇಲಿ ಹಾಕಿಸುವ ಕೆಲಸವನ್ನು ಮಳೆಗಾಲಕ್ಕೆ ಮುಂಚೆ ಮುಗಿಸಬೇಕೆಂದಿದ್ದೇನೆ. ತೋಟದ ಸುತ್ತಳತೆ ಹೆಚ್ಚುಕಡಿಮೆ 720 ಮೀಟರ್. 8 ಅಡಿಗೊಂದರಂತೆ ಲೆಕ್ಕ ಹಾಕಿದರೆ, ಮೂಲೆಯ ಆಸರೆಗಂಬಗಳನ್ನು ಬಿಟ್ಟು 295 ಗುಂಡಿಗಳಾಗುತ್ತವೆ. ಕಂಬಗಳು 7 ಅಡಿ ಉದ್ದದವು, 2 ಅಡಿ ಮಣ್ಣಿನೊಳಗೆ ಹೋಗಬೇಕು. ಮೇಲಿನ ಒಂದಡಿ ಕೆಂಪು ಮಣ್ಣು ಹಾರೆಗೆ ಸಲೀಸಾಗಿ ಬಿಡುತ್ತದೆ, ಅದರ ಕೆಳಗೆಲ್ಲ ಗರಸು. ಗುಂಡಿ ತೆಗೆಯಲು ಒಪ್ಪಿಕೊಂಡಿದ್ದ ಆಳುಗಳು ಎರಡು ಗುಂಡಿ ತೋಡಿ, ಮುಂಗಡವನ್ನು ಕೈಗೆ ವಾಪಸು ಇಟ್ಟು ಹೋದರು.

ನನ್ನ ಬಳಿ 45 ಎಚ್‌ಪಿಯ ಟ್ರ್ಯಾಕ್ಟರ್ ಇದೆ, ಅದಕ್ಕೆ ಮುಂದುಗಡೆ ಗೊಬ್ಬರ ತುಂಬುವ ಲೋಡರ್ ಹಾಕಿಸಿದ್ದೇನೆ. ಪರಿಚಯದವರೊಬ್ಬರು ತಮ್ಮ ಸ್ಕಿಡ್ ಸ್ಟಿಯರ್ ಲೋಡರನ್ನು, ಅಂದರೆ ನಮ್ಮ ಕಡೆ ಯಾವ ಕಂಪನಿಯದಾದರೂ ಬಾಬ್‌ಕ್ಯಾಟ್ ಎಂದೇ ಕರೆಯುವ, ನಿಂತಲ್ಲೇ ತಿರುಗುವ ಆ ಪುಟ್ಟ ಯಂತ್ರವನ್ನು ಮಾರಿದ್ದಾರೆ. ಅದರ ಹೈಡ್ರಾಲಿಕ್ ಆಗರು, ಅಂದರೆ ಆಯಿಲಿನ ಒತ್ತಡದಿಂದ ತಿರುಗಿ ಗುಂಡಿ ಕೊರೆಯುವ ಸಾಧನ, 12 ಇಂಚಿನ ಬಿಟ್ (ಕೊರೆಯುವ ತಿರುಪು) ಸಮೇತ ಅವರಲ್ಲೇ ಉಳಿದಿದ್ದು, ಕಡಿಮೆ ಬೆಲೆಗೆ ಕೊಡಲು ಸಿದ್ಧರಿದ್ದಾರೆ. ನಮ್ಮೂರಿನ ವೆಲ್ಡಿಂಗ್ ಅಂಗಡಿಯವರು ಲೋಡರಿನ ಬಕೆಟ್ ಬಿಚ್ಚಿ ಆ ಜಾಗದಲ್ಲಿ ಆಗರನ್ನು ಕೂರಿಸಲು ಒಂದು ಪ್ಲೇಟ್ ಮಾಡಿಕೊಡುವುದು ಒಂದು ದಿನದ ಕೆಲಸ ಎನ್ನುತ್ತಾರೆ. ಇದನ್ನು ನಂಬಿ ಹಣ ಹಾಕಬಹುದೇ?

ದಾವಣಗೆರೆ ವರ್ಕ್‌ಶಾಪ್:

ಹಿರಿಯೂರಿನವರೇ, ವೆಲ್ಡಿಂಗ್‌ನವರು ಹೇಳಿದ್ದು ಸುಳ್ಳಲ್ಲ. ಪ್ಲೇಟ್ ಒಂದು ದಿನದ ಕೆಲಸವೇ. ಆದರೆ ಆಗರನ್ನು ತಿರುಗಿಸುವುದು ಪ್ಲೇಟಲ್ಲ, ಆಯಿಲ್. ಈ ಸರಕನ್ನು ಟ್ರ್ಯಾಕ್ಟರಿಗೆ ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಕಬ್ಬಿಣಕ್ಕೆ ಅಳತೆ ತೆಗೆದುಕೊಳ್ಳುತ್ತಾರೆಯೇ ಹೊರತು ಆಯಿಲಿಗೆ ತೆಗೆದುಕೊಳ್ಳುವುದಿಲ್ಲ.

ಆಗರಿನ ಮೋಟಾರಿಗೆ ಎರಡು ಸಂಗತಿ ಬೇಕು: ನಿಮಿಷಕ್ಕೆ ಎಷ್ಟು ಲೀಟರ್ ಆಯಿಲ್ ಬರುತ್ತದೆ ಮತ್ತು ಎಷ್ಟು ಬಾರ್ ಒತ್ತಡದಲ್ಲಿ ಬರುತ್ತದೆ. ಲೀಟರ್ ಕಡಿಮೆಯಾದರೆ ಬಿಟ್ ನಿಧಾನವಾಗಿ ಸುತ್ತುತ್ತದೆ, ಒತ್ತಡ ಕಡಿಮೆಯಾದರೆ ಸುತ್ತುವ ಬಲವೇ ಕುಗ್ಗುತ್ತದೆ. ಒತ್ತಡವನ್ನು ಲೀಟರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ಆ ಆಯಿಲ್ ಹೊತ್ತು ತರುವ ಶಕ್ತಿ ಕಿಲೋವ್ಯಾಟಿನಲ್ಲಿ ಸಿಗುತ್ತದೆ. ಆಗರಿನ ಮೋಟಾರಿನ ಮೇಲೆ ಒಂದು ಸಣ್ಣ ತಗಡು ಇರುತ್ತದೆ, ಅದರ ಮೇಲಿನ ಬಣ್ಣ ಕೆರೆದು ಅಂಕಿಗಳನ್ನು ಓದಿ.

ನಿಮ್ಮ ಕಡೆಯ ಲೆಕ್ಕವನ್ನು ಹೀಗೆ ತೆಗೆಯಿರಿ. ಇಂತಹ ಲೋಡರುಗಳಿಗೆ ಸಾಮಾನ್ಯವಾಗಿ ಟ್ರ್ಯಾಕ್ಟರಿನ ಒಳಗಿನ ಹೈಡ್ರಾಲಿಕ್ಸ್ ಬಳಸದೆ, ಮುಂದುಗಡೆ ಕ್ರ್ಯಾಂಕ್ ಪುಲ್ಲಿಯಿಂದ ಓಡುವ ಬೇರೆಯೇ ಗೇರ್ ಪಂಪು ಮತ್ತು ಬೇರೆ ಟ್ಯಾಂಕು ಇಟ್ಟಿರುತ್ತಾರೆ. ಎಂಜಿನ್ನನ್ನು ಕೆಲಸದ ವೇಗದಲ್ಲಿಟ್ಟು, ಖಾಲಿ ಬಕೆಟನ್ನು ನೆಲದಿಂದ ಪೂರ್ತಿ ಮೇಲಕ್ಕೆ ಎತ್ತಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ಹಿಡಿದು ನೋಡಿ. ಎತ್ತುವ ಸಿಲಿಂಡರಿನ ಒಳವ್ಯಾಸ ಲೋಡರಿನ ಪುಸ್ತಕದಲ್ಲಿರುತ್ತದೆ, ರಾಡು ಎಷ್ಟು ಹೊರಗೆ ಬಂತೆಂಬುದನ್ನು ಟೇಪಿನಲ್ಲಿ ಅಳೆಯಿರಿ. ಉಳಿದದ್ದನ್ನು ನಾನು ಹೇಳುತ್ತೇನೆ.

ಹಿರಿಯೂರು ದಾಳಿಂಬೆ:

ಅಳೆದೆ. ಒಳವ್ಯಾಸ 65 ಮಿ.ಮೀ., ರಾಡು ಹೊರಬಂದದ್ದು 500 ಮಿ.ಮೀ., ಸಿಲಿಂಡರ್ ಎರಡು. ಮೂರು ಸಲ ಎತ್ತಿದಾಗಲೂ 8 ಸೆಕೆಂಡು ಹಿಡಿಯಿತು. ಲೋಡರಿನ ಪುಸ್ತಕದಲ್ಲಿ ಒತ್ತಡ 170 ಬಾರ್ ಎಂದಿದೆ. ಆಗರಿನ ತಗಡಿನಲ್ಲಿ 60 ಲೀಟರ್, 210 ಬಾರ್ ಎಂದು ಓದಲು ಸಿಕ್ಕಿತು.

ದಾವಣಗೆರೆ ವರ್ಕ್‌ಶಾಪ್:

ಒಂದು ಸಿಲಿಂಡರಿಗೆ ಸುಮಾರು 1.66 ಲೀಟರ್, ಎರಡಕ್ಕೆ 3.3 ಲೀಟರ್. 8 ಸೆಕೆಂಡಿಗೆ ಅಷ್ಟು ಎಂದರೆ ನಿಮಿಷಕ್ಕೆ 25 ಲೀಟರ್. ಹಾಗಾದರೆ ನಿಮ್ಮ ಲೋಡರ್ ಕೊಡುವ ಶಕ್ತಿ 7 ಕಿಲೋವ್ಯಾಟ್, ಅಂದರೆ ಒಂಬತ್ತೂವರೆ ಎಚ್‌ಪಿ. ಆ ಆಗರು ಕೇಳುವುದು 21 ಕಿಲೋವ್ಯಾಟ್, ಅಂದರೆ 28 ಎಚ್‌ಪಿ. ಸುತ್ತುವ ಬಲ ಐದರಲ್ಲಿ ನಾಲ್ಕು ಪಾಲು ಉಳಿಯುತ್ತದೆ, ಅದು ಪರವಾಗಿಲ್ಲ. ಆದರೆ ವೇಗ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಬಿಟ್ ಮಣ್ಣನ್ನು ಕೊರೆದರೂ ಅದನ್ನು ಮೇಲಕ್ಕೆ ಎಸೆಯುವುದಿಲ್ಲ, ಪ್ರತಿ ಅರ್ಧ ಅಡಿಗೊಮ್ಮೆ ಎತ್ತಿ ಕೊಡವಬೇಕಾಗುತ್ತದೆ.

ಇನ್ನೂ ಎರಡು ತೊಡಕುಗಳಿವೆ. ನಿಮ್ಮ ಲೋಡರಿನಲ್ಲಿ ಇರುವುದು ಎರಡೇ ಲಿವರ್ ಇರಬೇಕು, ಒಂದು ಎತ್ತಲು, ಇನ್ನೊಂದು ಬಕೆಟ್ ಮಗುಚಲು. ಆಗರಿಗೆ ಮೂರನೆಯ ದಾರಿ ಬೇಕು. ಮಗುಚುವ ದಾರಿಯನ್ನೇ ಅದಕ್ಕೆ ಕೊಟ್ಟರೆ ಬಿಟ್ಟನ್ನು ನೆಟ್ಟಗೆ ಹಿಡಿಯುವ ಸಾಧನ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಅಲ್ಲದೆ ಸಿಲಿಂಡರಿಗೆಂದು ಮಾಡಿದ ವಾಲ್ವು, ಲಿವರ್ ಬಿಟ್ಟೊಡನೆ ಎರಡೂ ಕಡೆಯ ಆಯಿಲನ್ನು ಕಟ್ಟಿಹಾಕುತ್ತದೆ. ಬಕೆಟ್ ಬೀಳದಿರಲು ಅದು ಸರಿ. ಆದರೆ ತಿರುಗುತ್ತಿರುವ ಮೋಟಾರನ್ನು ಹಾಗೆ ಗಕ್ಕನೆ ಹಿಡಿದು ನಿಲ್ಲಿಸಿದರೆ ಒಳಗಿನ ಒತ್ತಡ ಜಿಗಿದು ಹೋಸೋ ಸೀಲೋ ಹೋಗುತ್ತದೆ. ಮೋಟಾರಿಗೆಂದೇ ಬರುವ, ನಡುವಿನ ಸ್ಥಾನದಲ್ಲಿ ಆಯಿಲನ್ನು ಸಡಿಲ ಬಿಡುವ ವಾಲ್ವನ್ನು ಹಾಕಿಸಬೇಕು. ಆಗರಿನಿಂದ ಎರಡು ದಪ್ಪ ಹೋಸಿನ ಜೊತೆಗೆ ಮೂರನೆಯದೊಂದು ಸಣ್ಣ ಹೋಸ್ ಬರುತ್ತಿದೆಯೇ ಎಂದೂ ನೋಡಿ. ಬರುತ್ತಿದ್ದರೆ ಅದು ಮೋಟಾರಿನೊಳಗೆ ಸೋರಿದ ಆಯಿಲ್ ಹೊರಹೋಗುವ ದಾರಿ, ಅದನ್ನು ನೇರವಾಗಿ ಟ್ಯಾಂಕಿಗೇ ಬಿಡಬೇಕು. ಅದಕ್ಕೆ ಮುಚ್ಚಳ ಹಾಕಿದವರ ಮೋಟಾರಿನ ಶಾಫ್ಟ್ ಸೀಲು ಹಾರಿಹೋಗಿದ್ದನ್ನು ನನ್ನ ಅಂಗಡಿಯಲ್ಲೇ ಎರಡು ಸಲ ಕಂಡಿದ್ದೇನೆ.

ಟೆಕ್ಸಸ್ ಸೋದರಳಿಯ:

ಹಿರಿಯೂರಿನವರು ನನಗೆ ಸ್ವಂತ ಸೋದರಮಾವ. ಈ ಆಗರಿನ ಆಸೆ ಹುಟ್ಟಿಸಿದವನು ನಾನೇ ಆದ್ದರಿಂದ ಇಲ್ಲಿ ಉತ್ತರ ಕೊಡುವುದು ನನ್ನ ಕರ್ತವ್ಯ. ಮಾವ, ನಾನು ಕಳಿಸಿದ ವಿಡಿಯೊದಲ್ಲಿದ್ದದ್ದು ನನ್ನ ಟ್ರ್ಯಾಕ್ಟರಲ್ಲ, ಬಾಡಿಗೆಗೆ ತಂದ ಸ್ಕಿಡ್ ಸ್ಟಿಯರ್. ಅದನ್ನು ಆಗಲೇ ಬಿಡಿಸಿ ಹೇಳಬೇಕಾಗಿತ್ತು.

ಇಲ್ಲಿನ ಪದ್ಧತಿಯೇ ಬೇರೆ. ಅಮೆರಿಕದಲ್ಲಿ ಮಾರುವ ಸಣ್ಣ ಟ್ರ್ಯಾಕ್ಟರುಗಳ ಲೋಡರಿಗೆ ಬಹುಪಾಲು ಸ್ಕಿಡ್ ಸ್ಟಿಯರಿನ ಪ್ಲೇಟನ್ನೇ ಕೊಡುತ್ತಾರೆ. ಐಎಸ್‌ಒ 24410 ಎಂಬ ಮಾನಕದಿಂದಾಗಿ ಯಾವ ಕಂಪನಿಯ ಸಾಧನವಾದರೂ ಅದೇ ಪ್ಲೇಟಿಗೆ ಕೂರುತ್ತದೆ. ಪ್ಲೇಟಿನ ಮೇಲಂಚನ್ನು ಸಾಧನದ ತುಟಿಯ ಕೆಳಗೆ ತೂರಿಸಿ, ಸ್ವಲ್ಪ ಹಿಂದಕ್ಕೆ ಮಗುಚಿ, ಎರಡು ಲಿವರ್ ಒತ್ತಿದರೆ ಕೆಳಗಿನ ಎರಡು ಪಿನ್ನುಗಳು ತೂತುಗಳಲ್ಲಿ ಇಳಿದು ಬಿಗಿಯುತ್ತವೆ. ಪಿನ್ನು ಇಳಿದಿದೆ ಎಂದು ಕಣ್ಣಾರೆ ನೋಡದೆ ಎತ್ತಕೂಡದು. ನನ್ನ ಬಕೆಟ್ ಒಮ್ಮೆ ಹಾಗೆಯೇ ಕಳಚಿಬಿದ್ದು, ಅಲ್ಲಿ ಯಾರೂ ನಿಂತಿರಲಿಲ್ಲ ಎಂಬುದಷ್ಟೇ ನನ್ನ ಪುಣ್ಯ. ಈ ಜೋಡಣೆ ಇಷ್ಟು ಸುಲಭವಾಗಿರುವುದರಿಂದಲೇ ಕೂತದ್ದೆಲ್ಲ ಕೆಲಸವನ್ನೂ ಮಾಡುತ್ತದೆ ಎಂಬ ಭ್ರಮೆ ಇಲ್ಲಿ ಹೊಸಬರೆಲ್ಲರಿಗೂ ಇರುತ್ತದೆ, ನನಗೂ ಇತ್ತು.

ನನ್ನ 40 ಎಚ್‌ಪಿ ಟ್ರ್ಯಾಕ್ಟರಿನ ಪಂಪು ಲೋಡರಿಗೆ ಕೊಡುವುದು ನಿಮಿಷಕ್ಕೆ 30 ಲೀಟರ್. ಪಕ್ಕದ ಜಮೀನಿನವರ ಆಗರನ್ನು ಅದಕ್ಕೆ ಹಾಕಿ ನೋಡಿದೆ. ಮೇಲ್ಮಣ್ಣಿನಲ್ಲಿ ಇಳಿಯಿತು, ಆದರೆ ಟೆಕ್ಸಸ್‌ನ ಈ ಗುಡ್ಡಗಾಡಿನಲ್ಲಿ ಅರ್ಧ ಅಡಿಯ ಕೆಳಗೆ ಬರೀ ಸುಣ್ಣದಕಲ್ಲು. ಬಿಟ್ ಅಲ್ಲಿಗೆ ಮುಟ್ಟಿದೊಡನೆ ಕಲ್ಲನ್ನು ನುಣ್ಣಗೆ ಉಜ್ಜುತ್ತಾ ನಿಂತಿತು. ಇದರ ಜೊತೆಗೆ ಇನ್ನೊಂದು ತೊಂದರೆಯನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಲೋಡರಿನ ತೋಳು ನೇರವಾಗಿ ಕೆಳಗಿಳಿಯುವುದಿಲ್ಲ, ಹಿಂದಿನ ಪಿನ್ನನ್ನು ಕೇಂದ್ರವಾಗಿಟ್ಟುಕೊಂಡು ಕಮಾನಿನಂತೆ ಇಳಿಯುತ್ತದೆ. ಆಗರ್ ಎರಡು ಪಿನ್ನುಗಳ ಮೇಲೆ ತೂಗಾಡುವುದರಿಂದ ಗುಂಡಿಗೆ ಇಳಿಯುವ ಮುನ್ನ ನೆಟ್ಟಗೇ ಇರುತ್ತದೆ. ಬಿಟ್ ಮಣ್ಣಿನಲ್ಲಿ ಹೂತ ಮೇಲೆ ತೋಳು ಮುಂದೆ ಹಿಂದೆ ಸರಿದಂತೆಲ್ಲ ಅದು ಓರೆಯಾಗುತ್ತದೆ. ಅದನ್ನು ಸರಿದೂಗಿಸಲು ಟ್ರ್ಯಾಕ್ಟರನ್ನೇ ಅಂಗುಲ ಅಂಗುಲವಾಗಿ ಸರಿಸುತ್ತಿರಬೇಕು, ಅದೂ ಬಾನೆಟ್ಟಿನ ಆಚೆ ಏನಾಗುತ್ತಿದೆಯೆಂದು ಕಾಣದೆ. ಸ್ಕಿಡ್ ಸ್ಟಿಯರಿನಲ್ಲಾದರೆ ಬಿಟ್ ನಿಮ್ಮ ಕಾಲಿನ ಮುಂದೆಯೇ ಇರುತ್ತದೆ.

ಕಡೆಗೆ ಟಂಗ್‌ಸ್ಟನ್ ಕಾರ್ಬೈಡ್ ಹಲ್ಲಿನ ಬಿಟ್ ಸಮೇತ ಸ್ಕಿಡ್ ಸ್ಟಿಯರನ್ನೇ ಎರಡು ದಿನಕ್ಕೆ ಬಾಡಿಗೆಗೆ ತಂದು ಮೂಲೆಕಂಬಗಳ ಗುಂಡಿಗಳನ್ನು ಮುಗಿಸಿದೆ. ನಡುವಿನ ಕಂಬಗಳಿಗೆ ಗುಂಡಿಯೇ ಬೇಕಾಗಲಿಲ್ಲ. ಇಲ್ಲಿ ಅವು ಇಂಗ್ಲಿಷಿನ ಟಿ ಅಕ್ಷರದಾಕಾರದ ಉಕ್ಕಿನ ಗೂಟಗಳು, ನೇರವಾಗಿ ಬಡಿದು ನೆಡುತ್ತಾರೆ.

ವಿಜಯಪುರ ದ್ರಾಕ್ಷಿ:

ಸೋದರಳಿಯನವರು ಹೇಳಿದಂತೆ ಕಂಬವನ್ನು ಬಡಿದು ನೆಡುವ ಯಂತ್ರವೂ ಸ್ಕಿಡ್ ಸ್ಟಿಯರಿಗೆ ಸಿಗುತ್ತದೆಯಲ್ಲವೇ? ಕಲ್ಲುಕಂಬವನ್ನು ಅದರಿಂದಲೇ ನೆಟ್ಟರೆ ಗುಂಡಿಯ ಗೊಡವೆಯೇ ಇರುವುದಿಲ್ಲ ಎಂದು ನಮ್ಮಲ್ಲಿ ಒಬ್ಬರು ವಾದಿಸುತ್ತಿದ್ದಾರೆ.

ಟೆಕ್ಸಸ್ ಸೋದರಳಿಯ:

ದಯವಿಟ್ಟು ಬೇಡ. ಅದು ಮರದ ಕಂಬಕ್ಕೂ ಉಕ್ಕಿಗೂ ಆಗುವ ಸಾಧನ. ಪೆಟ್ಟನ್ನು ಮರ ನುಂಗಿಕೊಳ್ಳುತ್ತದೆ, ಉಕ್ಕು ತಾಳಿಕೊಳ್ಳುತ್ತದೆ. ಕಲ್ಲಾದರೆ ಎರಡನೇ ಪೆಟ್ಟಿಗೆ ಸೀಳುತ್ತದೆ, ಸಿಮೆಂಟ್ ಕಂಬದ ತಲೆ ಉದುರಿ ಒಳಗಿನ ಕಂಬಿ ಹೊರಗೆ ಬರುತ್ತದೆ.

ವಿಜಯಪುರ ದ್ರಾಕ್ಷಿ:

ಸರಿ, ಒಪ್ಪಿದೆ. ಹಾಗಿದ್ದರೆ ನಮ್ಮ ಅನುಭವವನ್ನೂ ಹೇಳುತ್ತೇನೆ. ದ್ರಾಕ್ಷಿಯ ಚಪ್ಪರಕ್ಕೆ ಕಂಬ ನಿಲ್ಲಿಸುವವರಿಗೆ ಗುಂಡಿ ತೆಗೆಯುವುದು ವರ್ಷವೂ ಇದ್ದದ್ದೇ. ನಾವು ಬಳಸುವುದು ಟ್ರ್ಯಾಕ್ಟರಿನ ಹಿಂದೆ ಮೂರು ಪಾಯಿಂಟ್ ಲಿಂಕೇಜಿಗೆ ಕಟ್ಟಿ ಪಿಟಿಒ ಶಾಫ್ಟಿನಿಂದ, ಅಂದರೆ ಎಂಜಿನ್ನಿನ ಶಕ್ತಿಯನ್ನು ನೇರವಾಗಿ ಹೊರಗಿನ ಸಾಧನಕ್ಕೆ ಕೊಡುವ ಹಿಂದಿನ ಶಾಫ್ಟಿನಿಂದ, ಓಡಿಸುವ ಡಿಗ್ಗರ್. ವರ್ಕ್‌ಶಾಪಿನವರ ಲೆಕ್ಕವನ್ನೇ ಮುಂದುವರಿಸುವುದಾದರೆ, 45 ಎಚ್‌ಪಿಯ ಟ್ರ್ಯಾಕ್ಟರ್ ಆಯಿಲಿನ ಮೂಲಕ ಕೊಡುವುದು ಒಂಬತ್ತೂವರೆಯಾದರೆ ಪಿಟಿಒ ಮೂಲಕ 38ರಿಂದ 40 ಎಚ್‌ಪಿ ಕೊಡುತ್ತದೆ. ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗಿದರೆ ಗೇರ್‌ಬಾಕ್ಸು ಅದನ್ನು ಸುಮಾರು ಮೂರನೇ ಒಂದು ಪಾಲಿಗೆ ಇಳಿಸಿ ಬಿಟ್ಟಿಗೆ ದಾಟಿಸುತ್ತದೆ. ಮಣ್ಣು ತಾನಾಗಿಯೇ ಮೇಲೆದ್ದು ಗುಂಡಿಯ ಸುತ್ತ ಉಂಗುರದಂತೆ ಬೀಳುತ್ತದೆ.

ದೋಷಗಳೂ ಇವೆ, ಮುಚ್ಚಿಡುವುದಿಲ್ಲ. ಹಿಂದಿನ ತೋಳುಗಳು ಎತ್ತಬಲ್ಲವೇ ಹೊರತು ಒತ್ತಲಾರವು, ಆದ್ದರಿಂದ ಬಿಟ್ ಇಳಿಯುವುದು ತನ್ನ ತೂಕ ಮತ್ತು ತುದಿಯ ತಿರುಪಿನ ಸೆಳೆತದಿಂದ ಮಾತ್ರ. ಗಟ್ಟಿ ಪದರ ಬಂದಾಗ ಸುಮ್ಮನೆ ಸುತ್ತುತ್ತದೆ. ಹೆಚ್ಚಿನ ಟ್ರ್ಯಾಕ್ಟರುಗಳ ಪಿಟಿಒ ಹಿಮ್ಮುಖವಾಗಿ ತಿರುಗುವುದಿಲ್ಲ. ಹೈಡ್ರಾಲಿಕ್ ಆಗರಿನ ನಿಜವಾದ ಹೆಚ್ಚುಗಾರಿಕೆ ಎಂದರೆ ಈ ಹಿಮ್ಮುಖ ಚಲನೆಯೇ. ಮೊದಲ ವರ್ಷ ನಾನು ಎರೆಮಣ್ಣಿನಲ್ಲಿ ಆಸೆಗೆ ಬಿದ್ದು ಒಂದೇ ಏಟಿಗೆ ಮೂರಡಿ ಇಳಿಸಿದೆ. ಬಿಟ್ ತಿರುಪಿನ ಮೊಳೆಯಂತೆ ಮಣ್ಣಿಗೆ ಕಚ್ಚಿಕೊಂಡು, ಎತ್ತಲು ಹೋದರೆ ಟ್ರ್ಯಾಕ್ಟರಿನ ಮುಂದಿನ ಗಾಲಿಗಳೇ ಮೇಲೆದ್ದವು. ಎಂಜಿನ್ ಆರಿಸಿ, ಶಾಫ್ಟ್ ಕಳಚಿ, ದೊಡ್ಡ ಪೈಪ್ ರೆಂಚು ಹಾಕಿ ನಾವಿಬ್ಬರು ಅದನ್ನು ಸುತ್ತು ಸುತ್ತಾಗಿ ಹಿಂದಕ್ಕೆ ತಿರುಗಿಸುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಅಂದಿನಿಂದ ಒಂದಡಿ ಇಳಿಸುವುದು, ಎತ್ತಿ ಮಣ್ಣು ಕೊಡವುವುದು, ಮತ್ತೆ ಇಳಿಸುವುದು.

ಎರೆಭೂಮಿಯವರು ಯಾರಾದರೂ ಓದುತ್ತಿದ್ದರೆ ಇದನ್ನೂ ಗಮನಿಸಿ. ಯಂತ್ರ ತೆಗೆದ ಗುಂಡಿಯ ಗೋಡೆ ಕೈಯಲ್ಲಿ ಸವರಿದಂತೆ ನುಣುಪಾಗಿರುತ್ತದೆ, ತುಂಬಿದ ಮಣ್ಣು ಅದಕ್ಕೆ ಬೆಸೆಯುವುದಿಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣಿನಲ್ಲಿ ಅಂತಹ ಕಂಬ ಎರಡನೇ ವರ್ಷಕ್ಕೆ ಓಲಾಡುತ್ತದೆ. ಗೋಡೆಯನ್ನು ಹಾರೆಯಿಂದ ನಾಲ್ಕು ಕಡೆ ಕೆತ್ತಿ, ಎರೆಯ ಬದಲು ಗರಸು ಮತ್ತು ಜಲ್ಲಿ ತುಂಬಿ ಜಡಿಯಿರಿ.

ಸಾಗರ ಅಡಿಕೆ:

ನಮ್ಮ ಕಡೆ ಜಂಬಿಟ್ಟಿಗೆ ನೆಲ. ಹಸಿ ಇರುವಾಗ ಪಿಟಿಒ ಡಿಗ್ಗರಿಗೆ ಬಿಡುತ್ತದೆ, ಬಿಸಿಲಿಗೆ ತೆರೆದುಕೊಂಡು ಗಡುಸಾದ ಮೇಲೆ ಯಾವ ಬಿಟ್ಟೂ ಮುಟ್ಟುವುದಿಲ್ಲ, ಹಲ್ಲು ಮಾತ್ರ ಸವೆಯುತ್ತದೆ. ಹಿರಿಯೂರಿನವರ ಗರಸಿಗೂ ಇದೇ ಉಪಾಯ ನಡೆಯಬಹುದು. ಹಿಂದಿನ ದಿನ ಗುರುತಿನ ಜಾಗದಲ್ಲಿ ಗಡಾರಿಯಿಂದ ಒಂದು ತೂತು ಮಾಡಿ ಎರಡು ಕೊಡ ನೀರು ಬಿಟ್ಟು ನೋಡಿ.

ದೊಡ್ಡಬಳ್ಳಾಪುರ ಬಾಡಿಗೆ ಯಂತ್ರ:

ನಾನು ಸ್ಕಿಡ್ ಸ್ಟಿಯರನ್ನೇ ಬಾಡಿಗೆಗೆ ಓಡಿಸುವವನಾದ್ದರಿಂದ ನನ್ನ ಮಾತಿನಲ್ಲಿ ಸ್ವಾರ್ಥವಿದೆ ಎಂದುಕೊಂಡೇ ಓದಿ. ಈ ಯಂತ್ರ ಹುಟ್ಟಿದ್ದು ಹೊಲಕ್ಕಲ್ಲ. ಅಮೆರಿಕದ ಮಿನೆಸೋಟದಲ್ಲಿ ಟರ್ಕಿ ಕೋಳಿ ಸಾಕುವವರೊಬ್ಬರು, ಕಂಬಗಳ ನಡುವೆ ತೂರಿ ಕೊಟ್ಟಿಗೆ ಬಾಚುವಷ್ಟು ಸಣ್ಣ ಯಂತ್ರ ಬೇಕೆಂದು ಕೇಳಿದ್ದಕ್ಕೆ, ಸಿರಿಲ್ ಮತ್ತು ಲೂಯಿ ಕೆಲ್ಲರ್ ಎಂಬ ಸಹೋದರರು 1957ರಲ್ಲಿ ಮೂರು ಗಾಲಿಯ ಲೋಡರ್ ಮಾಡಿಕೊಟ್ಟರು. ಮುಂದೆ ನಾಲ್ಕು ಗಾಲಿ ಬಂದು, 1962ರಲ್ಲಿ ಬಾಬ್‌ಕ್ಯಾಟ್ ಎಂಬ ಹೆಸರು ಬಂತು. ಗಟ್ಟಿ ನೆಲದ ಮೇಲೆ ಇದರಷ್ಟು ಚುರುಕಾದದ್ದು ಇನ್ನೊಂದಿಲ್ಲ. ಆದರೆ ಗಾಲಿ ಉಜ್ಜಿಕೊಂಡೇ ತಿರುಗುವ ಯಂತ್ರವಾದ್ದರಿಂದ, ಉತ್ತ ಹೊಲದಲ್ಲಿ ಪ್ರತಿ ತಿರುವಿಗೂ ಒಂದು ಹಳ್ಳ ಮಾಡುತ್ತದೆ. ಡ್ರಿಪ್ ಪೈಪು ಹಾಸಿದ ತೋಟಕ್ಕೆ ನಾನೇ ಕರೆದರೂ ಹೋಗುವುದಿಲ್ಲ. 295 ಗುಂಡಿಗಳಿಗೆ ದೊಡ್ಡಬಳ್ಳಾಪುರದಿಂದ ಹಿರಿಯೂರಿಗೆ ಯಂತ್ರವನ್ನು ಲಾರಿಯಲ್ಲಿ ತರಿಸುವುದು ನಿಮಗೂ ನಷ್ಟ.

ಆಗರನ್ನು ಕೊಂಡೇ ತೀರುವುದಾದರೆ, ಪಿಟಿಒಗೆ ಹಾಕುವ ಪಂಪು ಮತ್ತು ಬೇರೆ ಟ್ಯಾಂಕಿನ ದಾರಿ ಇದೆ. ಸುತ್ತಿಗೆ 30 ಸಿ.ಸಿ. ಕೊಡುವ ಪಂಪನ್ನು ಮೂರು ಪಟ್ಟು ವೇಗಕ್ಕೇರಿಸಿ ಓಡಿಸಿದರೆ ನಿಮಿಷಕ್ಕೆ 48 ಲೀಟರ್ ಸಿಗುತ್ತದೆ. ಅದಕ್ಕೆ 100 ಲೀಟರಿಗೆ ಕಡಿಮೆಯಿಲ್ಲದ ಟ್ಯಾಂಕು ಬೇಕು, ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಆಯಿಲ್ ಕಾದು ನೀರಾಗುತ್ತದೆ. ಇಷ್ಟೆಲ್ಲ ಕೂಡಿಸಿದರೆ ಅಗ್ಗದ ಆಗರು ಅಗ್ಗವಾಗಿ ಉಳಿಯುವುದಿಲ್ಲ.

ಮಂಡ್ಯ ಕಬ್ಬು:

ಯಂತ್ರದ ಲೆಕ್ಕದ ನಡುವೆ ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ಯಜಮಾನರು ಡಿಗ್ಗರಿನ ಬಳಿ ನಿಂತು ಬಿಟ್ಟನ್ನು ಕಾಲಿನಿಂದ ಒತ್ತುತ್ತಿದ್ದಾಗ ಹೆಗಲ ಮೇಲಿನ ಟವೆಲಿನ ತುದಿ ಶಾಫ್ಟಿಗೆ ಸಿಕ್ಕಿತು. ಟವೆಲು ಹಳೆಯದಾಗಿದ್ದು ಹರಿದದ್ದರಿಂದ ಬದುಕಿದರು, ಕತ್ತಿನ ಸುತ್ತ ಸುಟ್ಟಂತಹ ಗುರುತು ಈಗಲೂ ಇದೆ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು ಗ್ರೀಸ್ ಹಚ್ಚಲು ಅಡ್ಡಿ ಎಂದು ನಾವೇ ಬಿಚ್ಚಿಟ್ಟಿದ್ದೆವು. ಪಂಚೆ, ಟವೆಲ್, ಸೀರೆಯ ಸೆರಗು ಯಾವುದೂ ಅದರ ಹತ್ತಿರ ಸುಳಿಯಬಾರದು. ಒತ್ತಲು ಯಾರೂ ನಿಲ್ಲಬಾರದು. ಒತ್ತಡ ಬೇಕಿದ್ದರೆ ತೊಲೆಯ ಮೇಲೆ ಕಬ್ಬಿಣದ ತೂಕ ಕಟ್ಟಿ.

ದಾವಣಗೆರೆ ವರ್ಕ್‌ಶಾಪ್:

ಅಕ್ಕ, ನೀವು ಬರೆದದ್ದು ಒಳ್ಳೆಯದಾಯಿತು. ಇದಕ್ಕೆ ಒಂದು ಸೇರಿಸುತ್ತೇನೆ. ಶಾಫ್ಟಿಗೆ ಹಾಕುವ ಶಿಯರ್ ಬೋಲ್ಟ್ ಪದೇಪದೇ ತುಂಡಾಗುತ್ತದೆ ಎಂದು ಗಟ್ಟಿ ಬೋಲ್ಟ್ ಹಾಕುವ ಅಭ್ಯಾಸ ಎಲ್ಲೆಡೆ ಇದೆ. ಅದು ತುಂಡಾಗಲೆಂದೇ ಇರುವುದು. ಬೋಲ್ಟ್ ಉಳಿದರೆ ಮುರಿಯುವುದು ಗೇರ್‌ಬಾಕ್ಸು.

ಟೆಕ್ಸಸ್ ಸೋದರಳಿಯ:

ಮಾವ, ಆಗರಿನ ಆಸೆ ಬಿಟ್ಟರೂ ಆ ಪ್ಲೇಟನ್ನು ಮಾಡಿಸಿಕೊಳ್ಳಿ, ಆದರೆ ಬೇರೆ ಕೆಲಸಕ್ಕೆ. 6 ಇಂಚು ಚೌಕದ, 7 ಅಡಿಯ ಗ್ರಾನೈಟ್ ಕಂಬ ಒಂದೊಂದೂ ಸುಮಾರು 130 ಕೆ.ಜಿ. ತೂಗುತ್ತದೆ. ಗುಂಡಿ ತೆಗೆದ ಮೇಲೆ ಅವನ್ನು 720 ಮೀಟರ್ ಉದ್ದಕ್ಕೂ ಹೊತ್ತು ಹಂಚುವುದೇ ಸೊಂಟ ಮುರಿಯುವ ಕೆಲಸ. ಸ್ಕಿಡ್ ಸ್ಟಿಯರಿನ ಸಾಧನಗಳಲ್ಲಿ ನಾನು ಬೇಲಿಗೆ ಅತಿ ಹೆಚ್ಚು ಬಳಸಿದ್ದು ಆಗರನ್ನಲ್ಲ, ಎರಡು ಕಬ್ಬಿಣದ ಬೆರಳುಗಳ ಪ್ಯಾಲೆಟ್ ಫೋರ್ಕನ್ನು. ಅದಕ್ಕೆ ಆಯಿಲ್ ಬೇಡ, ಮೂರನೆಯ ಲಿವರ್ ಬೇಡ. ಲೋಡರಿನ ಮಿತಿಯನ್ನು ನೋಡಿಕೊಂಡು ಎರಡು ಮೂರು ಕಂಬಗಳನ್ನಷ್ಟೇ ಹೇರಿ. ಪ್ಲೇಟು ದಪ್ಪವಾದಷ್ಟೂ ಭಾರ ಮುಂದಕ್ಕೆ ಹೋಗಿ ಹಿಂದಿನ ಗಾಲಿ ಹಗುರಾಗುತ್ತದೆ, ಆದ್ದರಿಂದ ಹಿಂದೆ ತೂಕ ಕಟ್ಟದೆ ಎತ್ತಬೇಡಿ. ಕಂಬಗಳನ್ನು ನೆಲದಿಂದ ಒಂದಡಿಗಿಂತ ಮೇಲಿಟ್ಟು ಓಡಿಸಬೇಡಿ.

ಹಿರಿಯೂರು ದಾಳಿಂಬೆ:

ಕೆಲಸ ಮುಗಿದು ನಾಲ್ಕು ದಿನವಾಯಿತು, ವರದಿ ಒಪ್ಪಿಸುತ್ತಿದ್ದೇನೆ. ಆಗರನ್ನು ಕೊಳ್ಳಲಿಲ್ಲ. ಪಕ್ಕದೂರಿನ ಪಿಟಿಒ ಡಿಗ್ಗರನ್ನು ದಿನದ ಬಾಡಿಗೆಗೆ ತಂದೆ. ನೂಲು ಹಿಡಿದು, ಸುಣ್ಣದಲ್ಲಿ ಗುರುತು ಹಾಕಿ, ಸಾಗರದವರು ಹೇಳಿದಂತೆ ಹಿಂದಿನ ಸಂಜೆ ನೀರು ಬಿಟ್ಟೆವು. ನೀರು ಕುಡಿದ ಗುಂಡಿಗಳಲ್ಲಿ ಗರಸು ಪುಡಿಯಾಗಿ ಮೇಲೆ ಬಂತು. ನೀರು ಕುಡಿಯದ ಜಾಗಗಳಲ್ಲಿ, ಅವು ಬಹುಪಾಲು ಉತ್ತರದ ಬದುವಿನಲ್ಲಿದ್ದವು, ಬಿಟ್ ಒಂದೂಕಾಲು ಅಡಿಗೆ ನಿಂತು ಸುತ್ತತೊಡಗಿತು. ಅಂಥವನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗಿ, ಕೊನೆಗೆ ಗಡಾರಿಯಿಂದ ಮುಗಿಸಿದೆವು. ಒಟ್ಟು 34 ಗುಂಡಿಗಳು ಹಾಗಾದವು. ಉಳಿದವು ಮೂರು ದಿನಕ್ಕೆ ಮುಗಿದವು, ಬೋಲ್ಟುಗಳು 9 ಹೋದವು.

12 ಇಂಚಿನ ಬಿಟ್ ಹಾಕಿದ್ದು ಸರಿಯಾಯಿತು. ಒಡ್ಡೊಡ್ಡಾದ ಕಲ್ಲನ್ನು ಗುಂಡಿಯಲ್ಲಿ ನಿಲ್ಲಿಸಿ, ತೂಗುಗುಂಡು ಹಿಡಿದು ನೆಟ್ಟಗೆ ಮಾಡಿ, ಸುತ್ತ ಹಾರೆಯ ಹಿಡಿಯಿಂದ ಜಡಿಯಲು ಆ ಮೂರು ಇಂಚಿನ ಜಾಗ ಬೇಕೇ ಬೇಕು. ಫೋರ್ಕನ್ನು ವೆಲ್ಡಿಂಗ್‌ನವರು ಲಾರಿಯ ಹಳೆಯ ಚಾಸಿಯ ತುಂಡಿನಿಂದ ಮಾಡಿಕೊಟ್ಟರು, ಹಿಂದೆ ಕಲ್ಟಿವೇಟರಿನ ಮೇಲೆ ಮರಳು ಚೀಲ ಕಟ್ಟಿದೆವು. ಕಂಬ ಹಂಚುವುದು ಒಂದೂವರೆ ದಿನದಲ್ಲಿ ಮುಗಿಯಿತು. ಮುಂಗಡ ವಾಪಸು ಕೊಟ್ಟು ಹೋಗಿದ್ದ ಆಳುಗಳೇ ಕಂಬ ನಿಲ್ಲಿಸಲು ಬಂದಿದ್ದರು.

ಇನ್ನೊಂದೇ ಪ್ರಶ್ನೆ ಉಳಿದಿದೆ. ಮೂಲೆಯ ಆಸರೆಗಂಬವನ್ನು ಓರೆಯಾಗಿ ನಿಲ್ಲಿಸಿದ್ದೇವೆ, ತಂತಿ ಎಳೆದರೆ ಅದರ ಬುಡ ಜಾರುವುದೇ?

ವಿಜಯಪುರ ದ್ರಾಕ್ಷಿ:

ಬುಡವನ್ನು ಬರೀ ಮಣ್ಣಿಗೆ ಆನಿಸಿದ್ದರೆ ಜಾರುತ್ತದೆ. ಬುಡದ ಹಿಂದೆ ಒಂದು ಚಪ್ಪಡಿಯನ್ನು ಅಡ್ಡವಾಗಿ ಹೂತು ಅದಕ್ಕೆ ಒದೆಕೊಡಿ, ಮೇಲಿನ ತುದಿ ಮೂಲೆಕಂಬದ ಮುಕ್ಕಾಲು ಎತ್ತರಕ್ಕೆ ಕೂರಲಿ. ಸಿಮೆಂಟ್ ಹಾಕಿದ್ದರೆ ಒಂದು ವಾರ ನೀರುಣಿಸಿ, ಆಮೇಲೆ ತಂತಿ ಎಳೆಯಿರಿ.